ಪಹಣಿಯಲ್ಲಿ ಇಲ್ಲದ ಆದಾಯ, ಅದನ್ನು ಎಣಿಸಿದ ಜೋಧಾ

ಮಲೆನಾಡಿನ ಕೃಷಿ ಅಂತ ಯಾರೇ ಮಾತು ತೆಗೆದರೂ ಸ್ವಲ್ಪ ಹೊತ್ತಿಗೆ ಅದು ಅಡಿಕೆ ರೇಟಿಗೆ ಬಂದು ನಿಲ್ಲುತ್ತದೆ. ರಾಶಿ ಎಷ್ಟಾಯಿತು, ಬೆಟ್ಟೆ ಎಷ್ಟಾಯಿತು, ಸರಕು ಏರಿತಾ ಇಳಿಯಿತಾ. ನಮ್ಮ ಬದುಕು ನಿಂತಿರುವುದೇ ಅದರ ಮೇಲೆ, ಮಾತಾಡಬೇಕಾದ್ದೇ. ಆದರೆ ಅದೇ ತೋಟಕ್ಕೆ ವರ್ಷವರ್ಷ ಹೋಗುವ ಸೊಪ್ಪು, ಕೊಟ್ಟಿಗೆಗೆ ಹಾಸುವ ದರಗು ಅಂದರೆ ಒಣಗಿದ ಎಲೆ, ಬಚ್ಚಲೊಲೆಗೆ ಉರಿಯುವ ಕಟ್ಟಿಗೆ, ದನ ಮೇಯುವ ಹುಲ್ಲು, ಮಳೆಗಾಲದ ಅಣಬೆ, ಕಳಲೆ, ಬೇಸಿಗೆಯ ಅಪ್ಪೆಮಿಡಿ, ಇದೆಲ್ಲ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಅದು ನಿಂತರೆ ಮೊದಲು ಯಾರ ಮನೆಗೆ ಹೊಡೆತ ಬೀಳುತ್ತದೆ ಅಂತ ಕೇಳಿ ನೋಡಿ. ನೆಟ್ಟಗೆ ಉತ್ತರ ಸಿಗುವುದಿಲ್ಲ. ಪಹಣಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಮಂಡಿಯ ಪಟ್ಟಿಯಲ್ಲಿ ಇಲ್ಲ. ಬ್ಯಾಂಕಿನ ಸಾಲದ ಅರ್ಜಿಯಲ್ಲೂ ಇಲ್ಲ.

ಈ ಒಂದು ಪ್ರಶ್ನೆಯನ್ನು ದಶಕಗಟ್ಟಲೆ ಬಿಡದೆ ಹಿಡಿದುಕೊಂಡ ಕೃಷಿ ಅರ್ಥಶಾಸ್ತ್ರಜ್ಞರೊಬ್ಬರು ನಮ್ಮ ದೇಶದಲ್ಲಿ ಇದ್ದರು. ನರಪತ್ ಸಿಂಗ್ ಜೋಧಾ. ಎನ್.ಎಸ್. ಜೋಧಾ ಅಂತಲೇ ಅವರ ಬರಹಗಳಲ್ಲಿ ಹೆಸರು. ಹೊರದೇಶದ ವಿಶ್ವವಿದ್ಯಾಲಯಗಳಲ್ಲಿ ಬಡತನ, ಬರ, ಊರೊಟ್ಟಿನ ಭೂಮಿ (ಊರಿನ ಎಲ್ಲರೂ ಬಳಸುವ ಜಾಗ) ಬಗ್ಗೆ ಓದುವವರಿಗೆ ಅವರ ಹೆಸರು ಚೆನ್ನಾಗಿ ಗೊತ್ತು. ನಮ್ಮಲ್ಲಿ, ಕೃಷಿಯನ್ನೇ ನಂಬಿದ ಈ ಶಿವಮೊಗ್ಗ ಜಿಲ್ಲೆಯಲ್ಲಿ, ಅವರನ್ನು ಬಲ್ಲವರು ಕಡಿಮೆ. ಅದು ನನಗೆ ಬೇಸರದ ಸಂಗತಿ. ಅದಕ್ಕೇ ಈ ಬರಹ.

ಜೋಧಾ ರಾಜಸ್ಥಾನದವರು. ಕೆಲಸ ಶುರು ಮಾಡಿದ್ದು ಜೋಧಪುರದ ಕೇಂದ್ರ ಮರುಭೂಮಿ ಸಂಶೋಧನಾ ಸಂಸ್ಥೆಯಲ್ಲಿ. ಆಮೇಲೆ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ, ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್, ಅಲ್ಲಿಂದ 1987ರ ಹೊತ್ತಿಗೆ ಕಠ್ಮಂಡುವಿನ ಪರ್ವತ ಅಭಿವೃದ್ಧಿ ಕೇಂದ್ರ ಇಸಿಮೋಡ್, ನಡುವೆ ಕೆಲ ಕಾಲ ವಿಶ್ವ ಬ್ಯಾಂಕ್. ಹುದ್ದೆಗಳ ವಿಷಯ ಇಷ್ಟು ಸಾಕು. ಅವರು ಎಲ್ಲಿದ್ದರೂ ಮಾಡಿದ ಕೆಲಸ ಹೆಚ್ಚುಕಮ್ಮಿ ಒಂದೇ. ಊರಿಗೆ ಹೋಗುವುದು, ಮನೆಮನೆ ಕೇಳುವುದು, ಕೆಲವು ವರ್ಷ ಬಿಟ್ಟು ಅದೇ ಊರಿಗೆ, ಅದೇ ಮನೆಗೆ ಮತ್ತೆ ಹೋಗುವುದು.

ಇದು ಕೇಳಲು ಸುಲಭ. ಮಾಡುವವರು ಕಡಿಮೆ. ಸಾಮಾನ್ಯವಾಗಿ ಸರ್ವೆ ಅಂದರೆ ಹೇಗಿರುತ್ತದೆ ಹೇಳಿ? ಯಾರೋ ಒಬ್ಬರು ಬೈಕಿನಲ್ಲಿ ಬರುತ್ತಾರೆ, ಜಗಲಿಯಲ್ಲಿ ಕೂರುತ್ತಾರೆ, ಯಜಮಾನರನ್ನು ಹತ್ತು ಪ್ರಶ್ನೆ ಕೇಳುತ್ತಾರೆ, ಕಾಫಿ ಕುಡಿದು ಹೊರಡುತ್ತಾರೆ. ಒಳಗಿದ್ದ ಹೆಂಗಸರನ್ನು ಕೇಳುವುದೇ ಇಲ್ಲ. ಇಕ್ರಿಸ್ಯಾಟ್ 1975ರಲ್ಲಿ ಶುರು ಮಾಡಿದ ಗ್ರಾಮ ಅಧ್ಯಯನ ಬೇರೆ ರೀತಿಯದು. ಆಗಿನ ಆಂಧ್ರದ ಮೆಹಬೂಬ್‌ನಗರ, ಮಹಾರಾಷ್ಟ್ರದ ಸೊಲ್ಲಾಪುರ ಮತ್ತು ಅಕೋಲಾ ಜಿಲ್ಲೆಗಳಿಂದ ಎರಡೆರಡು ಊರು ಆರಿಸಿದರು. ಪ್ರತಿ ಊರಲ್ಲಿ 40 ಮನೆ. ಅದರಲ್ಲಿ 10 ಮನೆ ಜಮೀನಿಲ್ಲದವರದ್ದು. ಹಳ್ಳಿಯಲ್ಲೇ ಹುಟ್ಟಿ ಬೆಳೆದ, ಅಲ್ಲಿನ ಭಾಷೆ ಬಲ್ಲ ಹುಡುಗರನ್ನು ಆ ಊರಲ್ಲೇ ಇರಿಸಿದರು. ಅವರು ಮೂರ್ನಾಲ್ಕು ವಾರಕ್ಕೊಮ್ಮೆ ಅದೇ ಮನೆಗಳಿಗೆ ಹೋಗಿ ಕೂಲಿ, ಬೆಳೆ, ದನ, ಸಾಲ, ಖರ್ಚು ಎಲ್ಲ ಬರೆದುಕೊಂಡರು, ವರ್ಷಗಟ್ಟಲೆ. ಈ ವ್ಯವಸ್ಥೆಯನ್ನು ಕಟ್ಟಿದವರಲ್ಲಿ ಜೋಧಾ ಒಬ್ಬರು. ಆಮೇಲೆ ದೇಶವಿದೇಶದ ಎಷ್ಟೋ ಅರ್ಥಶಾಸ್ತ್ರಜ್ಞರು ರೈತರ ಅಪಾಯ, ವಿಮೆ, ಸಾಲ, ಪೌಷ್ಟಿಕತೆ ಅಂತ ಬರೆದ ಪ್ರಬಂಧಗಳಿಗೆ ಈ ಆರು ಊರಿನ ಲೆಕ್ಕವೇ ಬುನಾದಿಯಾಯಿತು. ಅವರಲ್ಲಿ ಹಲವರು ಆ ಊರಿಗೆ ಕಾಲಿಟ್ಟವರೂ ಇರಲಿಕ್ಕಿಲ್ಲ.

ಅದಕ್ಕೂ ಜೋರಾಗಿ ಅವರ ಹೆಸರು ಓಡಾಡಿದ್ದು 1986ರ ಒಂದು ಲೇಖನದಿಂದ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬಂದದ್ದು. ಒಣಭೂಮಿ ಪ್ರದೇಶದ ಊರೊಟ್ಟಿನ ಸಂಪತ್ತು ಮತ್ತು ಬಡವರು, ಅದು ವಿಷಯ. ಗೋಮಾಳ, ಊರ ಕಾಡು, ಕೆರೆಯಂಗಳ, ಹಳ್ಳದ ದಂಡೆ, ಕಣ, ಹೀಗೆ ಯಾರೊಬ್ಬರದ್ದೂ ಅಲ್ಲದ, ಊರಿನ ಎಲ್ಲರೂ ಬಳಸುವ ಜಾಗಗಳು. 7 ರಾಜ್ಯ, 21 ಜಿಲ್ಲೆ, 82 ಊರು. ಕರ್ನಾಟಕವೂ ಅದರಲ್ಲಿತ್ತು.

ಅವರಿಗೆ ಸಿಕ್ಕಿದ್ದೇನು? ಭೂಮಿ ಇಲ್ಲದ, ತುಂಡು ಭೂಮಿಯ ಬಡ ಕುಟುಂಬಗಳಲ್ಲಿ ಶೇ 84ರಿಂದ 100ರಷ್ಟು ಮನೆಗಳು ಕಟ್ಟಿಗೆ, ಮೇವು, ತಿನ್ನುವ ಪದಾರ್ಥಕ್ಕೆ ಈ ಜಾಗಗಳನ್ನೇ ನಂಬಿದ್ದವು. ದೊಡ್ಡ ಹಿಡುವಳಿದಾರರಲ್ಲಿ ಆ ಪ್ರಮಾಣ ಶೇ 10ರಿಂದ 28. ಬಡವರ ಒಟ್ಟು ಆದಾಯದಲ್ಲಿ ಶೇ 14ರಿಂದ 23ರಷ್ಟು ಅಲ್ಲಿಂದಲೇ ಬರುತ್ತಿತ್ತು. ನೂರು ರೂಪಾಯಿ ಸಂಪಾದನೆಯಲ್ಲಿ ಹೆಚ್ಚುಕಡಿಮೆ ಇಪ್ಪತ್ತು ರೂಪಾಯಿ, ಅದನ್ನು ಯಾವ ಸರಕಾರಿ ಲೆಕ್ಕವೂ ಆದಾಯ ಅಂತ ಬರೆದುಕೊಂಡಿರಲಿಲ್ಲ! ನಾನು ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟಿದ್ದೆ. ನಮ್ಮೂರಿನ ಒಂದೊಂದೇ ಮನೆ ಕಣ್ಣ ಮುಂದೆ ಬಂತು.

ಲೇಖನದ ಇನ್ನೊಂದು ಭಾಗ ಇನ್ನೂ ಕಹಿ. 1950ರ ದಶಕದ ಆರಂಭದಿಂದ 1980ರ ದಶಕದ ಆರಂಭದವರೆಗೆ ಈ ಊರುಗಳಲ್ಲಿ ಊರೊಟ್ಟಿನ ಭೂಮಿ ಶೇ 31ರಿಂದ 55ರಷ್ಟು ಕಡಿಮೆಯಾಗಿತ್ತು. ಎಲ್ಲಿ ಹೋಯಿತು? ಸುಮಾರು ಭಾಗ ಹಂಚಿಕೆಯಾಯಿತು. ಬಡವರಿಗೆ ಭೂಮಿ ಕೊಡುತ್ತೇವೆ ಅಂತ ಹೇಳಿಯೇ ಹಂಚಿದರು. ಆದರೆ ಹೀಗೆ ಖಾಸಗಿಯಾದ ಭೂಮಿಯಲ್ಲಿ ಶೇ 49ರಿಂದ 86ರಷ್ಟು ಬಡವರಲ್ಲದವರ ಕೈ ಸೇರಿತ್ತು. ಸಿಕ್ಕ ಬಡವರಲ್ಲೂ ಎಷ್ಟೋ ಜನರಿಗೆ ಅದನ್ನು ಉಳಲು ಎತ್ತಿಲ್ಲ, ಬೀಜಕ್ಕೆ ದುಡ್ಡಿಲ್ಲ. ಮಾರಿದರು, ಅಡ ಇಟ್ಟರು. ಕೊನೆಗೆ ಭೂಮಿಯೂ ಇಲ್ಲ, ಮೊದಲಿದ್ದ ಗೋಮಾಳವೂ ಇಲ್ಲ.

ಆ ಕಾಲದ ದೊಡ್ಡ ವಾದ ಏನಿತ್ತು ಅಂದರೆ, ಎಲ್ಲರದ್ದೂ ಆದದ್ದು ಹಾಳಾಗಿಯೇ ತೀರುತ್ತದೆ ಅನ್ನುವುದು. ಗ್ಯಾರೆಟ್ ಹಾರ್ಡಿನ್ ಅನ್ನುವ ಅಮೆರಿಕದ ವಿಜ್ಞಾನಿ 1968ರಲ್ಲಿ ಬರೆದದ್ದು. ಪ್ರತಿಯೊಬ್ಬನೂ ತನ್ನದೊಂದು ದನ ಜಾಸ್ತಿ ಬಿಡುತ್ತಾನೆ, ಹುಲ್ಲುಗಾವಲು ಬೋಳಾಗುತ್ತದೆ, ಹಾಗಾಗಿ ಖಾಸಗಿ ಮಾಡಿ ಇಲ್ಲವೇ ಸರಕಾರ ಹಿಡಿದುಕೊಳ್ಳಲಿ, ಅಷ್ಟೇ ದಾರಿ. ಜೋಧಾ ಇದಕ್ಕೆ ಸಿದ್ಧಾಂತದಿಂದ ಉತ್ತರ ಕೊಡಲು ಹೋಗಲಿಲ್ಲ. ರಾಜಸ್ಥಾನದ ಊರುಗಳಲ್ಲಿ ಮೊದಲು ಮೇವಿಗೆ ಶುಲ್ಕ ಇತ್ತು, ಕಾವಲುಗಾರ ಇದ್ದ, ಯಾವ ಕಾಲದಲ್ಲಿ ಎಲ್ಲಿ ಮೇಯಿಸಬೇಕು ಅನ್ನುವ ಕಟ್ಟುಪಾಡು ಇತ್ತು. ಅವೆಲ್ಲ ಕಳಚಿದ ಮೇಲೆ, ಹೊಸ ಪಂಚಾಯಿತಿಗಳು ಆ ಜವಾಬ್ದಾರಿಯನ್ನು ನೆಟ್ಟಗೆ ಹೊರದೇ ಇದ್ದಾಗ, ಗೋಮಾಳ ಹಾಳಾಯಿತು ಅಂತ ಊರೂರಿನ ವಿವರ ಇಟ್ಟು ತೋರಿಸಿದರು. 1990ರಲ್ಲಿ ಅಮೆರಿಕದ ವಿದ್ವಾಂಸೆ ಎಲಿನೋರ್ ಓಸ್ಟ್ರಮ್ ಅವರು ಜಗತ್ತಿನ ಬೇರೆಬೇರೆ ಕಡೆಯ ಉದಾಹರಣೆ ಇಟ್ಟು ಊರಿನವರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಅಂತ ಪುಸ್ತಕ ಬರೆದರು, 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಇಡೀ ಚರ್ಚೆಯಲ್ಲಿ ಭಾರತದ ಮಾತು ಬಂದಾಗಲೆಲ್ಲ ಜೋಧಾ ಅವರ 82 ಊರುಗಳ ಲೆಕ್ಕ ಬರುತ್ತದೆ. ನಮ್ಮ ರಾಷ್ಟ್ರೀಯ ಮಾದರಿ ಸಮೀಕ್ಷೆಯವರೂ 1998ರಲ್ಲಿ ತಮ್ಮ 54ನೇ ಸುತ್ತಿನಲ್ಲಿ ದೇಶಾದ್ಯಂತ ಇದನ್ನೇ ಕೇಳಿದರು. ದೇಶದ ಭೂಭಾಗದ ಶೇ 15ರಷ್ಟು ಊರೊಟ್ಟಿನ ಭೂಮಿ, ಹಳ್ಳಿಯ ಮನೆಗಳಲ್ಲಿ ಶೇ 48 ಅಲ್ಲಿಂದ ಏನಾದರೂ ತರುತ್ತವೆ, ಒಂದು ಮನೆ ತರುವುದು ವರ್ಷಕ್ಕೆ ಸರಾಸರಿ 693 ರೂಪಾಯಿಯಷ್ಟು ಅಂತ ಬರೆದರು. ಸಂಶೋಧಕರೊಬ್ಬರ ಪ್ರಶ್ನೆ ಸರಕಾರದ ಪ್ರಶ್ನಾವಳಿಯೊಳಗೆ ಬಂದು ಕೂರುವುದು ಸಣ್ಣ ಮಾತಲ್ಲ.

ಈಗ ನಮ್ಮ ಕಡೆಗೆ ಬರೋಣ.

ಜೋಧಾ ಹೇಳಿದ್ದು ಒಣಭೂಮಿಯ ಕತೆ. ಮಳೆ ಕಾಣದ ಊರುಗಳು. ಆಗುಂಬೆಯ ಮಳೆ ಕಂಡವರು ಆ ಶೇಕಡಾವಾರುಗಳನ್ನು ಎತ್ತಿಕೊಂಡು ಬಂದು ಇಲ್ಲಿಗೆ ಅಂಟಿಸಬಾರದು. ನಾವು ತೆಗೆದುಕೊಳ್ಳಬೇಕಾದ್ದು ಅವರು ಕೇಳಿದ ರೀತಿಯನ್ನು. ಮಲೆನಾಡಿನಲ್ಲಿ ಈ ಜಾಗಗಳಿಗೆ ಹೆಸರೇ ಹತ್ತಾರು. ಕಾನು, ಸೊಪ್ಪಿನ ಬೆಟ್ಟ, ಗೋಮಾಳ, ಹುಲ್ಲುಬನ್ನಿ, ಖರಾಬು, ದೇವರಕಾಡು. ಸೊರಬ, ಸಾಗರದ ಕಾನುಗಳನ್ನು, ಅಂದರೆ ಊರ ಪಕ್ಕದ ದಟ್ಟ ಕಾಡುಗಳನ್ನು, ಊರಿನವರು ಕಾಯ್ದುಕೊಂಡು ಬಂದ ಬಗ್ಗೆ ಬ್ರಿಟಿಷರ ಕಾಲದ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಕಾಳುಮೆಣಸು, ಬೆತ್ತ, ಜೇನು, ಬೈನೆ, ಉಪ್ಪಾಗೆ, ಮುರುಗಲು, ಸೀಗೆ, ಅಂಟುವಾಳ, ರಾಮಪತ್ರೆ, ಏನಿಲ್ಲ ಹೇಳಿ ಅಲ್ಲಿ.

ಪಕ್ಕದ ಮನೆಯ ಅಕ್ಕ ಒಬ್ಬರನ್ನು, ಜಮೀನಿಲ್ಲದವರು, ತೋಟದ ಕೆಲಸಕ್ಕೆ ಹೋಗುವವರು, ಒಮ್ಮೆ ಜೋಧಾ ಅವರ ಪ್ರಶ್ನೆಗಳನ್ನೇ ಇಟ್ಟುಕೊಂಡು ಕೇಳಿದೆ. ವರ್ಷಕ್ಕೆ ಸಂಪಾದನೆ ಎಷ್ಟಕ್ಕಾ ಅಂದರೆ ಕೂಲಿ ದಿನ ಲೆಕ್ಕ ಹಾಕಿ ಹೇಳಿದರು. ಕಟ್ಟಿಗೆ? ‘ಅದು ಬೆಟ್ಟದ್ದು.’ ದನದ ಮೇವು? ‘ಬಿಟ್ಟರೆ ಮೇಯ್ಕೊಂಡು ಬರ್ತಾವೆ.’ ಉಪ್ಪಾಗೆ ಕಾಯಿ? ‘ಮಳೆಗಾಲದಲ್ಲಿ ಒಣಗಿಸಿ ಕೊಡ್ತೀವಿ, ಅದೆಂತ ಲೆಕ್ಕ ಮಾರಾಯ್ರೆ, ಮಕ್ಕಳ ಪುಸ್ತಕಕ್ಕೆ ಆಗ್ತದೆ.’ ಕಳಲೆ, ಅಣಬೆ, ಪೊರಕೆ ಹುಲ್ಲು, ಅಪ್ಪೆಮಿಡಿ ಅಂತ ಒಂದೊಂದೇ ಬಿಡಿಸಿ ಕೇಳುತ್ತಾ ಹೋದ ಹಾಗೆ ಅವರೇ ಬೆರಳು ಮಡಚಿ ಎಣಿಸತೊಡಗಿದರು. ಜಡಿಮಳೆಯಲ್ಲಿ ಕೂಲಿ ನಿಂತು ಹೋಗುತ್ತದೆ. ಆಗ ಮನೆಗೆ ಬರುವುದೆಲ್ಲ ಈ ಪಟ್ಟಿಯಿಂದಲೇ. ಮಳೆ ಇಲ್ಲದ ನಾಡಿನಲ್ಲಿ ಜೋಧಾ ಕಂಡದ್ದು ಮಳೆ ಜಾಸ್ತಿಯಾದ ನಾಡಿನಲ್ಲೂ ಹೀಗೆ ಕಾಣುತ್ತದೆ. ಅಲ್ಲಿ ಬೇಸಿಗೆಯ ಕೊರತೆ, ಇಲ್ಲಿ ಆಷಾಢದ ಕೊರತೆ.

ಸೊಪ್ಪಿನ ಬೆಟ್ಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಡಿಕೆ ತೋಟ ಇದ್ದವರಿಗೆ ಸೊಪ್ಪು, ದರಗು ತರಲು ಅಂತ ಹಿಂದಿನ ಕಾಲದ ಸರಕಾರ ಬಿಟ್ಟುಕೊಟ್ಟ ಕಾಡು ಅದು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಕೊಟ್ಟದ್ದಿದೆ. ಮಾಲೀಕತ್ವ ಸರಕಾರದ್ದು, ಬಳಸುವ ಹಕ್ಕು ತೋಟದವರದ್ದು. ನಮ್ಮ ಮನೆಗೂ ಬೆಟ್ಟ ಇದೆ. ಅಡಿಕೆ ಲಾಭದ ಲೆಕ್ಕ ಹಾಕುವಾಗ ಗೊಬ್ಬರ, ಔಷಧಿ, ಕೊನೆಕಾರನ ಕೂಲಿ ಎಲ್ಲ ಬರೆಯುತ್ತೇವೆ. ಬೆಟ್ಟದಿಂದ ಬಂದ ಸೊಪ್ಪಿಗೆ ತಂದ ಕೂಲಿ ಬರೆಯುತ್ತೇವೆ, ಸೊಪ್ಪಿಗೆ ಬೆಲೆ ಬರೆಯುವುದಿಲ್ಲ. ನಾಳೆ ಬೆಟ್ಟ ಬೋಳಾದರೆ ಅಷ್ಟೂ ಗೊಬ್ಬರ ದುಡ್ಡು ಕೊಟ್ಟು ತರಬೇಕು. ಆಗ ಗೊತ್ತಾಗುತ್ತದೆ ಅದು ಎಷ್ಟು ಅಂತ.

ಇನ್ನೂ ಒಂದು ಮಾತು ಹೇಳಲೇಬೇಕು. ತೋಟ ಇಲ್ಲದವರಿಗೆ ಈ ಬೆಟ್ಟದಲ್ಲಿ ಹಕ್ಕಿಲ್ಲ. ಕಟ್ಟಿಗೆ ತಂದರೆ ತೋಟದವರು ಸುಮ್ಮನಿರಬೇಕು, ಅಷ್ಟೇ. ಬೇಲಿ ಬಿದ್ದರೆ ಅದೂ ಇಲ್ಲ. ಮೇಲೆ ಹೇಳಿದ ಅಕ್ಕನ ಮನೆಯ ಪಟ್ಟಿ ಪೂರ್ತಿ ನಿಂತಿರುವುದು ಬೇರೆಯವರ ಸೌಜನ್ಯದ ಮೇಲೆ. ತೋಟದವನಾಗಿ ನಾನು ಇದನ್ನು ಬರೆಯುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಆದರೆ ಜೋಧಾ ಅವರನ್ನು ಓದಿದ ಮೇಲೆ ಇದನ್ನು ನೋಡದೆ ಇರಲು ಆಗುವುದಿಲ್ಲ. ಊರೊಟ್ಟಿನ ಭೂಮಿ ಅನ್ನುವುದಕ್ಕೆ ಅವರ ಮೊದಲ ಪ್ರಶ್ನೆಯೇ, ಯಾರಿಗೆ ಎಷ್ಟು ಸಿಗುತ್ತದೆ ಅನ್ನುವುದು.

ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರಕಾರಿ ಭೂಮಿ ಸಾಗುವಳಿ ಮಾಡುವುದು, ಅದರ ಬಗ್ಗೆಯೂ ಹಾಗೆಯೇ. ಅದನ್ನು ಸಕ್ರಮ ಮಾಡಿ ಅಂತ ಫಾರಂ 50, 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರಲ್ಲಿ ಶರಾವತಿ ಅಣೆಕಟ್ಟಿನ ನೀರಿಗೆ ಮನೆಮಠ ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ಅವರ ಒಂದೆರಡು ಎಕರೆಯನ್ನು ಒತ್ತುವರಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಅದೇ ಸಾಲಿನಲ್ಲಿ ಆಗಲೇ ಹತ್ತಾರು ಎಕರೆ ಇದ್ದು ಗುಡ್ಡ ಸಮ ಮಾಡಿ ಅಡಿಕೆ ಸಸಿ ಇಟ್ಟವರೂ ನಿಂತಿದ್ದಾರೆ. ಎರಡನ್ನೂ ಒಂದೇ ಹೆಸರಲ್ಲಿ ಕರೆದರೆ ಲಾಭ ಯಾರಿಗೆ? 1986ರ ಲೇಖನದ ಆ 49ರಿಂದ 86 ಅನ್ನುವ ಅಂಕಿ ನೆನಪಿಟ್ಟುಕೊಂಡು ನಮ್ಮ ತಾಲ್ಲೂಕುಗಳಲ್ಲಿ ಮಂಜೂರಾದ ಭೂಮಿ ಈಗ ಯಾರ ಹೆಸರಲ್ಲಿದೆ ಅಂತ ಯಾರಾದರೂ ನೋಡಬೇಕು.

1980ರ ದಶಕದಲ್ಲಿ ಶಿವಮೊಗ್ಗವೂ ಸೇರಿದಂತೆ ಕೆಲವು ಜಿಲ್ಲೆಗಳ ಇಂಥದ್ದೇ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟದ್ದು ಹಿರಿಯರಿಗೆ ನೆನಪಿರಬಹುದು. ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಸೇರಿ ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಶಿವರಾಮ ಕಾರಂತರು ಇದ್ದರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಿದರು. ಸರಕಾರದ ಕಾಗದದಲ್ಲಿ ಪಾಳು ಅಂತ ಬರೆದಿದ್ದ ಭೂಮಿ ಅದು. ಅಲ್ಲಿ ದನ ಮೇಯಿಸುತ್ತಿದ್ದವರಿಗೆ, ಕಟ್ಟಿಗೆ ತರುತ್ತಿದ್ದವರಿಗೆ ಅದು ಪಾಳಾಗಿರಲಿಲ್ಲ. ಹೋರಾಟಗಾರರು ಬೀದಿಯಲ್ಲಿ ಹೇಳಿದ್ದನ್ನೇ ಜೋಧಾ ಒಂದು ವರ್ಷ ಮೊದಲು ಅಂಕಿಯಲ್ಲಿ ಹೇಳಿದ್ದರು.

ಅವರ ಬರಹಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು 1988ರದ್ದು, ಅದೂ ಅದೇ ಪತ್ರಿಕೆಯಲ್ಲಿ ಬಂತು. ಬಡತನ ಏರಿದೆಯಾ ಇಳಿದಿದೆಯಾ ಅಂತ ದೊಡ್ಡ ಪಂಡಿತರೆಲ್ಲ ಜಗಳ ಆಡುತ್ತಿದ್ದ ಕಾಲ. ಜೋಧಾ 1963ರಿಂದ 66ರಲ್ಲಿ ರಾಜಸ್ಥಾನದ ಎರಡು ಊರುಗಳ ಲೆಕ್ಕ ತೆಗೆದಿದ್ದರು. 1982ರಿಂದ 84ರಲ್ಲಿ ಮತ್ತೆ ಅಲ್ಲಿಗೇ ಹೋದರು. ತಲಾ ಆದಾಯ ಶೇ 5ಕ್ಕಿಂತ ಜಾಸ್ತಿ ಇಳಿದಿದ್ದ 36 ಮನೆಗಳು ಸಿಕ್ಕವು. ಆದಾಯದ ಲೆಕ್ಕದ ಪ್ರಕಾರ ಇವರು ಮೊದಲಿಗಿಂತ ಬಡವರು. ಆದರೆ ಒಳ್ಳೆಯ ಬದುಕು ಅಂದರೆ ಏನು ಅಂತ ಆ ಊರಿನವರನ್ನೇ ಕೇಳಿ 38 ಅಂಶಗಳ ಪಟ್ಟಿ ಮಾಡಿದರು. ಈಗಲೂ ಒಡೆಯನ ಜಾಗದಲ್ಲೇ ಬಿಡಾರ ಇದೆಯಾ? ಮನೆಯಲ್ಲಿ ಯಾರಾದರೂ ಜೀತದಂಥ ಕೆಲಸಕ್ಕೆ ಇದ್ದಾರಾ? ಬೇಸಿಗೆಯಲ್ಲಿ ದೊಡ್ಡವರು ಮೂರನೇ ಊಟ ಬಿಡುತ್ತಾರಾ? ಹೆಂಗಸರು, ಮಕ್ಕಳ ಕಾಲಿಗೆ ಚಪ್ಪಲಿ ಇದೆಯಾ? ಜನ ಮತ್ತು ದನ ಬೇರೆ ಬೇರೆ ಮಲಗಲು ಜಾಗ ಇದೆಯಾ? ಕೊಯ್ಲಾದ ಕೂಡಲೇ ಬೆಳೆ ಮಾರಿಬಿಡಬೇಕಾ? ಈ 38ರಲ್ಲಿ 37ರಲ್ಲಿ ಆ 36 ಮನೆಗಳು ಸರಾಸರಿಯಲ್ಲಿ ಮೊದಲಿಗಿಂತ ಮೇಲಿದ್ದವು.

ಇಂಗ್ಲೆಂಡಿನ ಅಭಿವೃದ್ಧಿ ಚಿಂತಕ ರಾಬರ್ಟ್ ಚೇಂಬರ್ಸ್ ಇದನ್ನು ತಮ್ಮ ಬರಹಗಳಲ್ಲಿ ಎತ್ತಿ ಹೇಳಿದರು. ಬಡತನವನ್ನು ಬಡವರ ಕಣ್ಣಿಂದ ಅಳೆಯಬೇಕು ಅನ್ನುವ ಮಾತಿಗೆ ಅದರಿಂದ ಬಲ ಬಂತು. ಯಾರ ಹಂಗೂ ಇಲ್ಲದೆ ಬದುಕುವುದು ಕೂಡ ಸಂಪಾದನೆಯೇ ಅಂತ ಆ ಊರಿನ ಜನ ಹೇಳಿದ್ದರು. ಇದು ನಮಗೆ ಹೊಸದಾ? ಸಾಗರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದರ ಹಿಂದೆ ಗೇಣಿ ಭತ್ತ ಅಳೆಯುವ ಕೊಳಗದ ಜಗಳ ಇತ್ತು. ಒಡೆಯರ ಕೊಳಗ ದೊಡ್ಡದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೆ ಒಳಗಾದರು. ಭತ್ತದ ಜೊತೆಗೆ ಮರ್ಯಾದೆಯ ಪ್ರಶ್ನೆಯೂ ಅಲ್ಲಿತ್ತು ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. 1974ರ ಭೂಸುಧಾರಣೆ ಆದ ಮೇಲೆ ಇಲ್ಲಿನ ಒಕ್ಕಲು ಮನೆಗಳಲ್ಲಿ ಏನೇನು ಬದಲಾಯಿತು ಅನ್ನುವುದನ್ನು ಎಕರೆ, ಕ್ವಿಂಟಾಲಿನಲ್ಲಿ ಮಾತ್ರ ಬರೆದರೆ ಅರ್ಧ ಕತೆ ಬಿಟ್ಟುಹೋಗುತ್ತದೆ.

1975ರಷ್ಟು ಹಿಂದೆಯೇ ಅವರು ಬರದ ಬಗ್ಗೆ ಬರೆದದ್ದೂ ಈಗ ನಮಗೆ ಬೇಕು. ಬರ ಬಂದಾಗ ರೈತ ಮೊದಲು ಹೊಟ್ಟೆ ಕಟ್ಟುತ್ತಾನೆ, ಎತ್ತು, ಭೂಮಿ, ಸಲಕರಣೆ ಉಳಿಸಿಕೊಳ್ಳಲು ನೋಡುತ್ತಾನೆ. ಆಸ್ತಿ ಮಾರಲು ಶುರುವಾದಾಗ ಸರಕಾರ ಎಚ್ಚರಾದರೆ ತಡವಾಯಿತು ಅಂತಲೇ ಅರ್ಥ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ತೀರ್ಥಹಳ್ಳಿ, ಹೊಸನಗರ ಕಡೆಯ ತೋಟಗಳನ್ನು ನೋಡಿ. ಅಧಿಕಾರಿಗಳು ಒಣಗಿದ ಮರ ಎಣಿಸುತ್ತಾರೆ. ಮರ ಒಣಗುವ ಮೊದಲೇ ಆ ಮನೆಯಲ್ಲಿ ಎಷ್ಟೋ ಖರ್ಚು ನಿಂತಿರುತ್ತದೆ. ಮಗಳ ಕಾಲೇಜು ಮುಂದಕ್ಕೆ ಹೋಗಿರುತ್ತದೆ, ಅಜ್ಜನ ಮಾತ್ರೆ ದಿನ ಬಿಟ್ಟು ದಿನ ಆಗಿರುತ್ತದೆ.

ಕಠ್ಮಂಡುವಿಗೆ ಹೋದ ಮೇಲೆ ಜೋಧಾ ಬೆಟ್ಟದ ನಾಡಿನ ಬಗ್ಗೆ ಯೋಚಿಸಿದರು. ತಲುಪಲು ಕಷ್ಟ, ಮಣ್ಣು ನಾಜೂಕು, ಅಧಿಕಾರದಿಂದ ದೂರ, ಒಂದೊಂದು ಮಗ್ಗುಲು ಒಂದೊಂದು ತರ, ಬೇರೆಲ್ಲೂ ಆಗದ ಕೆಲವು ಬೆಳೆ, ಇದಕ್ಕೆಲ್ಲ ಹೊಂದಿಕೊಂಡ ಜನರ ಜಾಣ್ಮೆ. ಬೆಟ್ಟದ ಊರುಗಳ ಈ ಗುಣಗಳನ್ನು ನೋಡದೆ ಬಯಲುಸೀಮೆಯ ಯೋಜನೆಯನ್ನೇ ತಂದು ಹೇರಿದರೆ ಕೆಡುತ್ತದೆ ಅಂದರು. ಹಿಮಾಲಯಕ್ಕೆ ಹೇಳಿದ್ದು. ಸೀತಾನದಿಯಿಂದ ಶರಾವತಿವರೆಗೆ ಒಂದೊಂದು ಮಾತೂ ನಮಗೆ ಹೊಂದುತ್ತದೆ.

ಅವರನ್ನು ಓದಬೇಕು ಅನ್ನಿಸಿದರೆ ಮೊದಲು 1988ರ ಆ ಲೇಖನ ಓದಿ, ಕಷ್ಟದ ಗಣಿತ ಇಲ್ಲ. ಆಮೇಲೆ 1986ರದ್ದು. ಬೆಟ್ಟ, ಮರುಭೂಮಿ ಎರಡರ ಬಗ್ಗೆಯೂ ಬರೆದದ್ದನ್ನು ಸೇರಿಸಿ 2001ರಲ್ಲಿ ಆಕ್ಸ್‌ಫರ್ಡ್‌ನವರು ಪುಸ್ತಕ ತಂದಿದ್ದಾರೆ. ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯದಲ್ಲೋ ಬೇರೆಲ್ಲೋ ಎಂಎಸ್ಸಿ, ಪಿಎಚ್‌ಡಿ ಮಾಡುವ ಮಕ್ಕಳು ಇದನ್ನು ಓದುತ್ತಿದ್ದರೆ ನನ್ನದೊಂದು ಕೋರಿಕೆ. ಅಡಿಕೆ ಮಾರುಕಟ್ಟೆ ಮೇಲೆ ಪ್ರಬಂಧಗಳು ಬೇಕಾದಷ್ಟು ಬಂದಿವೆ. ಸೊರಬದ್ದೋ ಹೊಸನಗರದ್ದೋ ಒಂದೇ ಒಂದು ಊರು ಹಿಡಿಯಿರಿ, ಜಮೀನಿಲ್ಲದ ಮನೆಗಳನ್ನು ಮೊದಲು ಸೇರಿಸಿಕೊಳ್ಳಿ, ಜಗಲಿ ದಾಟಿ ಅಡುಗೆಮನೆವರೆಗೆ ಹೋಗಿ ಹೆಂಗಸರನ್ನು ಕೇಳಿ. ಮಾಘದಲ್ಲಿ ಒಮ್ಮೆ ಹೋಗಿ, ಆಷಾಢದಲ್ಲಿ ಇನ್ನೊಮ್ಮೆ ಹೋಗಿ. ನಮ್ಮೂರಿಗೆ ಬಂದರೆ ಉಳಿಯಲು ಜಾಗ, ಊಟ ನಮ್ಮ ಮನೆಯಲ್ಲೇ.